ಕ್ಲೌಡ್ ಸೇರುವ ದಾಖಲೆ: ಅದನ್ನು ನೋಡಿಕೊಳ್ಳುವ ಲೈಬ್ರರಿ ಯಾರದಿರಬೇಕು?

ಹರಪನಹಳ್ಳಿ ತಾಲ್ಲೂಕು ಇಪ್ಪತ್ತೈದು ವರ್ಷಗಳೊಳಗೆ ಮೂರು ಸಲ ಜಿಲ್ಲೆ ಬದಲಿಸಿತು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಕೂಡ್ಲಿಗಿ ತಾಲ್ಲೂಕಿನೊಳಗಿದ್ದ ಕೊಟ್ಟೂರು ತಾನೇ ಒಂದು ತಾಲ್ಲೂಕಾಯಿತು. ಊರು, ಹೊಲ, ಸರ್ವೆ ನಂಬರು ಯಾವುದೂ ಜಾಗ ಬಿಟ್ಟು ಕದಲಲಿಲ್ಲ. ಆದರೆ ಅವುಗಳ ಕಾಗದಪತ್ರದ ಮೇಲಿನ ಜಿಲ್ಲೆಯ ಹೆಸರು, ತಾಲ್ಲೂಕಿನ ಹೆಸರು ಮತ್ತೆ ಮತ್ತೆ ಬದಲಾಯಿತು.

ಈ ಸೀಮೆಗೆ ದಾಖಲೆಯ ಹಳೆಯ ಚರಿತ್ರೆಯಿದೆ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಜಿಲ್ಲೆಗಳಿಗೆ ಥಾಮಸ್ ಮನ್ರೋ 1807ರ ತನಕ ಪ್ರಧಾನ ಕಲೆಕ್ಟರ್ ಆಗಿದ್ದ. ಹೊಲ ಹೊಲ ಅಳೆಸಿ, ರೈತನ ಹೆಸರಿಗೇ ಕಂದಾಯ ಕಟ್ಟುವ ರೈತವಾರಿ ಲೆಕ್ಕವನ್ನು ಇಲ್ಲಿ ನೆಲೆಗೊಳಿಸಿದ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಇಲ್ಲಿನ ಲೆಕ್ಕವೆಲ್ಲ ಮದ್ರಾಸಿನ ಪದ್ಧತಿಯಲ್ಲೇ ನಡೆಯಿತು. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. 2024ರಲ್ಲಿ ಕಂದಾಯ ಇಲಾಖೆ ‘ಭೂ ಸುರಕ್ಷಾ’ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿರುವ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುವ ಕೆಲಸ ಹಿಡಿಯಿತು.

ಪಹಣಿ ಅಂಕಿಅಂಶವಾದ್ದರಿಂದ ಡೇಟಾಬೇಸಿನ ಒಂದು ಸಾಲಿನಲ್ಲಿ ಕೂರುತ್ತದೆ. ದರಖಾಸ್ತು ಕಡತ, ಟಿಪ್ಪಣಿ, ಆಕಾರಬಂದು, ಮ್ಯುಟೇಶನ್ ರಿಜಿಸ್ಟರುಗಳ ಚಿತ್ರಗಳು ಹಾಗಲ್ಲ. ಅವು ಫೈಲುಗಳು, ಅದೂ ಕೋಟಿಗಟ್ಟಲೆ. ಇಂಥ ರಾಶಿಗೆ ಇಂದು ಜಗತ್ತೆಲ್ಲ ಬಳಸುವ ಜಾಗ ಆಬ್ಜೆಕ್ಟ್ ಸ್ಟೋರೇಜ್. ಅದರೊಂದಿಗೆ ವ್ಯವಹರಿಸಲು ಪ್ರೋಗ್ರಾಮರುಗಳು ಬಳಸುವ ಸಿದ್ಧ ತಂತ್ರಾಂಶದ ಕಟ್ಟೇ ಕ್ಲೈಂಟ್ ಲೈಬ್ರರಿ. ಯಾವ ಲೈಬ್ರರಿ ಬಳಸಬೇಕು ಎನ್ನುವುದು ಮೇಲುನೋಟಕ್ಕೆ ಪ್ರೋಗ್ರಾಮರನ ರುಚಿಯ ಸಂಗತಿ. ಒಳಹೊಕ್ಕು ನೋಡಿದರೆ ಅದು ದಾಖಲೆಯ ಒಡೆತನದ, ಆಯುಷ್ಯದ, ಸಾಕ್ಷ್ಯಬಲದ ಪ್ರಶ್ನೆ. ಇದರ ಬಗ್ಗೆ ಇರುವ ಮುಖ್ಯ ನಿಲುವುಗಳನ್ನು, ಅವುಗಳ ಬಲಾಬಲವನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಆಬ್ಜೆಕ್ಟ್ ಸ್ಟೋರೇಜ್ ನಡೆಯುವ ಬಗೆ

ಗುಡಿಯ ಮುಂದೆ ಚಪ್ಪಲಿ ಕೊಟ್ಟು ಟೋಕನ್ ಪಡೆಯುವ ಏರ್ಪಾಡನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಯಾವ ಅರೆಯಲ್ಲಿ ಇಟ್ಟರು ಎಂಬುದು ನಮಗೆ ಬೇಕಿಲ್ಲ. ಟೋಕನ್ ತೋರಿಸಿದರೆ ನಮ್ಮದು ನಮಗೆ ಬರುತ್ತದೆ. ಆಬ್ಜೆಕ್ಟ್ ಸ್ಟೋರೇಜಿನಲ್ಲಿ ಬಕೆಟ್ ಎಂಬ ಒಂದು ಆವರಣ, ಅದರೊಳಗೆ ಪ್ರತಿ ಫೈಲಿಗೆ ಒಂದು ಕೀ, ಅಂದರೆ ಹೆಸರು. ಆ ಹೆಸರು ಹೇಳಿದರೆ ಫೈಲು ಇಡಿಯಾಗಿ ಬರುತ್ತದೆ, ಇಡಿಯಾಗಿ ಹೋಗುತ್ತದೆ. ಇಟ್ಟ ಫೈಲಿನ ನಡುವೆ ಒಂದಕ್ಷರ ತಿದ್ದಬೇಕಾದರೂ ಫೈಲನ್ನು ಪೂರ್ತಿ ಮತ್ತೆ ಬರೆಯಬೇಕು.

ಇಲ್ಲಿ ನಿಜವಾದ ಫೋಲ್ಡರುಗಳಿಲ್ಲ. ‘ಬಳ್ಳಾರಿ/ಹರಪನಹಳ್ಳಿ/ದರಖಾಸ್ತು/0012’ ಎಂದು ಬರೆದರೆ ಪರದೆಯ ಮೇಲೆ ಮೂರು ಫೋಲ್ಡರು ಕಂಡಾವು, ಆದರೆ ಒಳಗಿರುವುದು ಒಂದೇ ಉದ್ದನೆಯ ಹೆಸರು. ಹಾಗಾಗಿ ಫೋಲ್ಡರಿನ ಹೆಸರು ಬದಲಿಸುವ ಸೌಲಭ್ಯವೂ ಸಾಮಾನ್ಯ ಬಕೆಟ್ಟಿನಲ್ಲಿ ಇಲ್ಲ. ‘ಬಳ್ಳಾರಿ’ಯನ್ನು ‘ವಿಜಯನಗರ’ ಮಾಡಬೇಕೆಂದರೆ ಆ ಹೆಸರಿನಡಿ ಇರುವ ಒಂದೊಂದು ಫೈಲನ್ನೂ ಹೊಸ ಹೆಸರಿಗೆ ನಕಲು ಮಾಡಿ ಹಳೆಯದನ್ನು ಅಳಿಸಬೇಕು. ಹತ್ತು ಲಕ್ಷ ಫೈಲಿದ್ದರೆ ಹತ್ತು ಲಕ್ಷ ನಕಲು, ಹತ್ತು ಲಕ್ಷ ಅಳಿಸುವಿಕೆ. ನಡುವೆ ಪ್ರೋಗ್ರಾಮು ನಿಂತರೆ ಅರ್ಧ ಕಡತ ಹಳೆಯ ಜಿಲ್ಲೆಯಲ್ಲಿ, ಅರ್ಧ ಹೊಸದರಲ್ಲಿ. ಹರಪನಹಳ್ಳಿಯ ಕಡತಕ್ಕೆ ಈ ಕೆಲಸ 1997ರಿಂದೀಚೆಗೆ ಮೂರು ಬಾರಿ ಬರುತ್ತಿತ್ತು.

ಇಪ್ಪತ್ತು ವರ್ಷಗಳ ಹಾದಿ

ಈ ಯೋಚನೆಯ ಬೇರು 1990ರ ದಶಕದಲ್ಲಿ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ಗಾರ್ತ್ ಗಿಬ್ಸನ್ ತಂಡ ನಡೆಸಿದ ಸಂಶೋಧನೆಯಲ್ಲಿದೆ. ಜನಬಳಕೆಗೆ ಬಂದದ್ದು 2006ರ ಮಾರ್ಚ್ 14ರಂದು, ಅಮೆಜಾನ್ ತನ್ನ ಎಸ್3 ಸೇವೆ ತೆರೆದಾಗ. ಅದನ್ನು ಪೈಥಾನ್ ಭಾಷೆಯಿಂದ ಬಳಸಲು ಮಿಚ್ ಗಾರ್ನಾಟ್ ಬರೆದ ಬೋಟೊ ಎಂಬ ಲೈಬ್ರರಿ ಬೇಗ ಹೆಸರಾಯಿತು. ಅದರ ಹೊಸ ರೂಪ ಬೋಟೊ3 ಅನ್ನು 2015ರಲ್ಲಿ ಅಮೆಜಾನೇ ಅಧಿಕೃತವಾಗಿ ಹೊರತಂದಿತು.

2010ರಲ್ಲಿ ರ‍್ಯಾಕ್‌ಸ್ಪೇಸ್ ಮತ್ತು ನಾಸಾ ಸೇರಿ ಆರಂಭಿಸಿದ ಓಪನ್‌ಸ್ಟ್ಯಾಕ್ ಯೋಜನೆಯಲ್ಲಿ ಸ್ವಿಫ್ಟ್ ಎಂಬ ಮುಕ್ತ ವ್ಯವಸ್ಥೆ ಬಂತು. ವಿಕಿಮೀಡಿಯ ತನ್ನ ಚಿತ್ರ, ಪುಸ್ತಕಗಳನ್ನು ಇಟ್ಟಿರುವುದು ಸ್ವಿಫ್ಟ್‌ನಲ್ಲೇ. ಕನ್ನಡ ವಿಕಿಸೋರ್ಸ್ ಓದುಗರು ನೋಡುವ ಪುಟಗಳ ಚಿತ್ರಗಳೂ ಅಲ್ಲಿಂದಲೇ ಬರುತ್ತವೆ. ಗೂಗಲ್, ಮೈಕ್ರೋಸಾಫ್ಟ್ ಸಹ 2010ರ ಹೊತ್ತಿಗೆ ತಮ್ಮ ತಮ್ಮ ಉಗ್ರಾಣ, ತಮ್ಮ ತಮ್ಮ ಲೈಬ್ರರಿಗಳೊಂದಿಗೆ ಕಣಕ್ಕಿಳಿದಿದ್ದವು. ಎಲ್ಲರಿಗೂ ಒಂದೇ ಭಾಷೆಯಿರಲಿ ಎಂದು ಸ್ಟೋರೇಜ್ ಉದ್ಯಮದ ಒಕ್ಕೂಟ 2010ರಲ್ಲಿ ಸಿಡಿಎಂಐ ಎಂಬ ಮಾನದಂಡ ರೂಪಿಸಿತು. 2012ರಲ್ಲಿ ಅದಕ್ಕೆ ಐಎಸ್‌ಒ ಮುದ್ರೆಯೂ ಬಿತ್ತು. ಆದರೆ ಬಳಕೆಯಲ್ಲಿ ಗೆದ್ದದ್ದು ಮುದ್ರೆಯಿಲ್ಲದ ಎಸ್3 ಭಾಷೆ. ಸೆಫ್, 2014ರಲ್ಲಿ ಶುರುವಾದ ಮಿನಿಯೊ ಮುಂತಾದ ಮುಕ್ತ ತಂತ್ರಾಂಶಗಳೂ ಎಸ್3 ಭಾಷೆಯನ್ನೇ ಕಲಿತವು. ಇಂಟರ್ನೆಟ್ ಆರ್ಕೈವ್ ಕೂಡ ಎಸ್3ಯನ್ನು ಹೋಲುವ ಬಾಗಿಲನ್ನೇ ಇಟ್ಟಿದೆ.

ಭಾರತದ ನೆಲದ ಮೇಲೆ ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, ಗೂಗಲ್ 2017ರಲ್ಲಿ ದತ್ತಾಂಶ ಕೇಂದ್ರಗಳನ್ನು ತೆರೆದವು. ಅಮೆಜಾನಿನ ಮುಂಬೈ ಕೇಂದ್ರ ಹೊಸ ಬಗೆಯ ಸಹಿಯಿದ್ದ ಕೋರಿಕೆಗಳನ್ನು ಮಾತ್ರ ಒಪ್ಪುತ್ತಿತ್ತು. ಅಮೆರಿಕದ ಬಕೆಟ್ಟಿನೊಂದಿಗೆ ವರ್ಷಗಟ್ಟಲೆ ಚೆನ್ನಾಗಿ ನಡೆದಿದ್ದ ಹಳೆಯ ಪ್ರೋಗ್ರಾಮುಗಳು ಮುಂಬೈ ಬಕೆಟ್ಟಿನ ಮುಂದೆ ನಿಂತುಬಿಡುತ್ತಿದ್ದವು. ಲೈಬ್ರರಿ ಎಂಬುದು ಒಮ್ಮೆ ಹಾಕಿ ಮರೆಯುವ ಸಾಮಾನಲ್ಲ ಎಂಬ ಪಾಠ ಆಗಲೇ ಸಿಕ್ಕಿತ್ತು.

ಲೈಬ್ರರಿ ನಿಜಕ್ಕೂ ಮಾಡುವುದೇನು?

ಪ್ರತಿ ಕೋರಿಕೆಗೂ ಗುಪ್ತ ಕೀಲಿಯಿಂದ ಸಹಿ ಹಾಕುವುದು ಅದರ ಮೊದಲ ಕೆಲಸ. ದೊಡ್ಡ ಫೈಲನ್ನು ತುಂಡು ಮಾಡಿ ಕಳಿಸುವುದು, ತಂತಿ ಕಡಿದರೆ ಮತ್ತೆ ಪ್ರಯತ್ನಿಸುವುದು, ಪಟ್ಟಿ ತರುವುದು, ಹೊರಗಿನವರಿಗೆ ಕೆಲಹೊತ್ತು ಮಾತ್ರ ತೆರೆಯುವ ಕೊಂಡಿ ಕೊಡುವುದು, ಹೋದದ್ದು ಸರಿಯಾಗಿ ಹೋಯಿತೇ ಎಂದು ಚೆಕ್‌ಸಮ್‌ನಿಂದ, ಅಂದರೆ ಫೈಲಿನ ಒಳಗನ್ನು ಲೆಕ್ಕಹಾಕಿ ತೆಗೆದ ಗುರುತಿನಿಂದ, ತಾಳೆ ನೋಡುವುದು ಇವೆಲ್ಲ ಅದರ ಮೇಲೆಯೇ ಬೀಳುತ್ತವೆ.

ಒಂದು ಎ4 ಹಾಳೆಯನ್ನು 300 ಡಿಪಿಐಯಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕುಗ್ಗಿಸದೆ ಇಟ್ಟರೆ ಸುಮಾರು 26 ಮೆಗಾಬೈಟ್ ಆಗುತ್ತದೆ. ಬೋಟೊ3 ತಾನಾಗಿ 8 ಮೆಗಾಬೈಟ್ ಗಡಿ ದಾಟಿದ ಫೈಲನ್ನು ತುಂಡು ಮಾಡುತ್ತದೆ, ಅಂದರೆ ಈ ಹಾಳೆ ನಾಲ್ಕು ತುಂಡಾಗಿ ಹೋಗುತ್ತದೆ. ಇಲ್ಲಿ ಎರಡು ಎಡವಟ್ಟುಗಳಿವೆ. ಸಂಪರ್ಕ ನಡುವೆ ಕಡಿದು ಕೆಲಸ ಅಲ್ಲೇ ನಿಂತರೆ ಅರೆಬರೆ ತುಂಡುಗಳು ಕಣ್ಣಿಗೆ ಕಾಣದೆ ಬಕೆಟ್ಟಿನಲ್ಲಿ ಉಳಿದು ಬಾಡಿಗೆ ಏರಿಸುತ್ತವೆ. ಇಷ್ಟು ದಿನದ ಮೇಲೆ ಅಳಿಸು ಎಂಬ ನಿಯಮವನ್ನು ನಾವೇ ಹಾಕಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ಎಸ್3 ಪ್ರತಿ ಫೈಲಿಗೂ ಈಟ್ಯಾಗ್ ಎಂಬ ಗುರುತು ಕೊಡುತ್ತದೆ. ಒಂದೇ ಏಟಿಗೆ ಹೋದ ಫೈಲಿಗೆ ಅದು ಸಾಮಾನ್ಯವಾಗಿ ಎಂಡಿ5 ಚೆಕ್‌ಸಮ್ಮೇ ಆಗಿರುತ್ತದೆ. ತುಂಡಾಗಿ ಹೋದ ಫೈಲಿಗೆ ಹಾಗಿರುವುದಿಲ್ಲ. ಅದನ್ನು ನಂಬಿ ತಾಳೆ ನೋಡಿದರೆ ಸರಿಯಾಗಿರುವ ಫೈಲೂ ತಪ್ಪೆಂದು ತೋರುತ್ತದೆ.

ಪಟ್ಟಿಯ ವಿಷಯವೂ ಹಾಗೆಯೇ. ಒಂದು ಕೋರಿಕೆಗೆ ಎಸ್3 ಹೆಚ್ಚೆಂದರೆ 1,000 ಹೆಸರು ಕೊಡುತ್ತದೆ. ಮುಂದಿನ ಸಾವಿರವನ್ನು ಮತ್ತೆ ಕೇಳಬೇಕು. ಕೇಳದ ಪ್ರೋಗ್ರಾಮಿನ ವರದಿಯಲ್ಲಿ ತಾಲ್ಲೂಕಿನ ದಾಖಲೆ ಸಾವಿರಕ್ಕೇ ಮುಗಿದಿರುತ್ತದೆ, ಎಲ್ಲೂ ದೋಷವೆಂದು ತೋರುವುದೂ ಇಲ್ಲ.

ಮೊದಲ ನಿಲುವು: ಒಡೆಯರ ಲೈಬ್ರರಿಯನ್ನೇ ಬಳಸಿ

ಉಗ್ರಾಣ ಯಾರದೋ ಅವರೇ ಕೊಟ್ಟ ಲೈಬ್ರರಿ ಬಳಸಬೇಕು ಎನ್ನುವವರ ವಾದ ಗಟ್ಟಿಯಾಗಿದೆ. ಭದ್ರತೆಯ ತಿದ್ದುಪಡಿ ಮೊದಲು ಅಲ್ಲಿಗೇ ಬರುತ್ತದೆ, ಹೊಸ ಸೌಲಭ್ಯ ಮೊದಲು ಅಲ್ಲೇ ಸಿಗುತ್ತದೆ. 2022ರಲ್ಲಿ ಎಸ್3ಯಲ್ಲಿ ಎಸ್‌ಎಚ್‌ಎ-256 ಮುಂತಾದ ಚೆಕ್‌ಸಮ್‌ಗಳ ಬೆಂಬಲ ಬಂತು. ಇಂಥ ಬದಲಾವಣೆಗಳ ಲಾಭ ಅಧಿಕೃತ ಲೈಬ್ರರಿ ಬಳಸುವವರಿಗೆ ಕೂಡಲೇ ದಕ್ಕುತ್ತದೆ.

ಕೊರತೆಯಿರುವುದು ಆಯುಷ್ಯದಲ್ಲಿ. ಹಳೆಯ ಬೋಟೊದ ಕೊನೆಯ ಆವೃತ್ತಿ 2018ರದು. ಅಮೆಜಾನಿನ ಜಾವಾಸ್ಕ್ರಿಪ್ಟ್ ಲೈಬ್ರರಿಯ ಎರಡನೆಯ ಆವೃತ್ತಿಗೂ ಜಾವಾ ಲೈಬ್ರರಿಯ ಮೊದಲ ಆವೃತ್ತಿಗೂ 2025ರಲ್ಲಿ ಬೆಂಬಲ ಮುಗಿಯಿತು. ಒಂದು ಲೈಬ್ರರಿ ಹತ್ತು ಹದಿನೈದು ವರ್ಷ ಬಾಳಿದರೆ ಹೆಚ್ಚು. ಮನ್ರೋ ಕಾಲದ ಭೂಲೆಕ್ಕಕ್ಕೆ ಇನ್ನೂರು ವರ್ಷ ದಾಟಿದೆ. ಮಾರುವವರ ಲೈಬ್ರರಿಯ ಸುತ್ತ ಇಡೀ ತಂತ್ರಾಂಶ ಹೆಣೆದರೆ, ಅದೇ ದಾಖಲೆಯ ಆಯುಷ್ಯದೊಳಗೆ ಹತ್ತಾರು ಬಾರಿ ಬಿಚ್ಚಿ ಹೆಣೆಯಬೇಕಾಗುತ್ತದೆ.

ಎರಡನೆಯ ನಿಲುವು: ಎಸ್3 ಭಾಷೆಯೇ ಸಾಕು

ಲೈಬ್ರರಿ ಅಮೆಜಾನಿನದಿರಲಿ, ಉಗ್ರಾಣ ಮಾತ್ರ ಯಾರದಾದರೂ ಆಗಬಹುದು ಎನ್ನುತ್ತಾರೆ ಎರಡನೆಯ ಬಣದವರು. ಬೋಟೊ3ಗೆ ವಿಳಾಸ ಒಂದನ್ನು ಬದಲಿಸಿ ಕೊಟ್ಟರೆ ಅದು ಮಿನಿಯೊ, ಸೆಫ್, ಕ್ಲೌಡ್‌ಫ್ಲೇರ್ ಯಾವುದರ ಜೊತೆಗಾದರೂ ವ್ಯವಹರಿಸುತ್ತದೆ. ರಾಜ್ಯದ ಸ್ವಂತ ದತ್ತಾಂಶ ಕೇಂದ್ರದೊಳಗೆ ಸೆಫ್ ಕೂರಿಸಿ, ಹೊರಗಿನ ಕ್ಲೌಡಿಗೆ ಬರೆದ ಪ್ರೋಗ್ರಾಮನ್ನೇ ಅಲ್ಲಿಯೂ ಓಡಿಸಬಹುದು. ಬೇರೊಬ್ಬರ ತಂತ್ರಾಂಶದ ಬಾಹ್ಯ ರೂಪವನ್ನು ಅನುಸರಿಸುವುದು ಎಷ್ಟು ನ್ಯಾಯಸಮ್ಮತ ಎಂಬ ಚರ್ಚೆಗೆ 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗೂಗಲ್ ಮತ್ತು ಒರಾಕಲ್ ನಡುವಿನ ಜಾವಾ ಪ್ರಕರಣದಲ್ಲಿ ಗೂಗಲ್ ಪರವಾಗಿ ಕೊಟ್ಟ ತೀರ್ಪು ಒಂದಿಷ್ಟು ನೆಮ್ಮದಿ ತಂದಿದೆ.

ಆದರೆ ಭಾಷೆಯ ವ್ಯಾಕರಣ ಬರೆಯುವ ಕೈ ಒಂದೇ. 2025ರ ಜನವರಿಯಲ್ಲಿ ಅಮೆಜಾನ್ ತನ್ನ ಲೈಬ್ರರಿಗಳಲ್ಲಿ ಹೊಸ ಚೆಕ್‌ಸಮ್ ಅನ್ನು ಕಡ್ಡಾಯವೆಂಬಂತೆ ತಾನಾಗಿ ಸೇರುವ ಹಾಗೆ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಅದು ಗೊತ್ತಿಲ್ಲದ ಹಲವು ಎಸ್3-ಹೋಲುವ ಉಗ್ರಾಣಗಳಿಗೆ ಫೈಲು ಕಳಿಸುವುದು ಆ ಆವೃತ್ತಿಯಿಂದ ವಿಫಲವಾಯಿತು. ಬಳಕೆದಾರರು ಲೈಬ್ರರಿಯ ಆವೃತ್ತಿ ಹಿಂದಕ್ಕೆ ಸರಿಸಬೇಕಾಯಿತು, ಇಲ್ಲವೇ ‘ಬೇಕಾದಾಗ ಮಾತ್ರ’ ಎಂದು ಹೊಂದಾಣಿಕೆ ಬದಲಿಸಬೇಕಾಯಿತು. ಉಗ್ರಾಣದ ಕಡೆಯೂ ಭರವಸೆ ಶಾಶ್ವತವಲ್ಲ. ಮಿನಿಯೊ 2021ರಲ್ಲಿ ತನ್ನ ಪರವಾನಗಿಯನ್ನು ಹೆಚ್ಚು ಕಟ್ಟುನಿಟ್ಟಿನ ಎಜಿಪಿಎಲ್‌ಗೆ ಬದಲಿಸಿತು. 2025ರಲ್ಲಿ ಉಚಿತ ಆವೃತ್ತಿಯ ವೆಬ್ ಪರದೆಯಿಂದ ಆಡಳಿತದ ಸೌಲಭ್ಯಗಳನ್ನು ತೆಗೆಯಿತು. ಮುಕ್ತ ತಂತ್ರಾಂಶವೆಂದರೆ ಎಂದೆಂದಿಗೂ ಹೀಗೇ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ.

ಮೂರನೆಯ ನಿಲುವು: ನಡುವೆ ಒಂದು ಪದರವಿರಲಿ

ಯಾರ ಉಗ್ರಾಣವಾದರೂ ನಮ್ಮ ಪ್ರೋಗ್ರಾಮಿಗೆ ಒಂದೇ ಥರ ಕಾಣಬೇಕು ಎಂಬುದು ಮೂರನೆಯ ದಾರಿ. 2009ರಲ್ಲಿ ಹುಟ್ಟಿ ಅಪಾಚೆ ಪ್ರತಿಷ್ಠಾನ ಸೇರಿದ ಲಿಬ್‌ಕ್ಲೌಡ್, ಪೈಥಾನ್ ಲೋಕದ ಎಫ್‌ಎಸ್‌ಸ್ಪೆಕ್, 2024ರಲ್ಲಿ ಅಪಾಚೆಯ ಪೂರ್ಣ ಯೋಜನೆಯಾದ ಓಪನ್‌ಡಾಲ್ ಈ ಜಾಡಿನವು. ಪ್ರೋಗ್ರಾಮು ಬರೆಯದೆ ಆದೇಶಗಳಿಂದಲೇ ಕೆಲಸ ಮುಗಿಸುವವರಿಗೆ ಆರ್‌ಕ್ಲೋನ್ ಇದೆ. ಎಪ್ಪತ್ತಕ್ಕೂ ಹೆಚ್ಚು ಬಗೆಯ ಉಗ್ರಾಣಗಳ ನಡುವೆ ಅದು ಫೈಲು ಸಾಗಿಸಿ, ಎರಡೂ ಕಡೆ ಸರಿಯಿದೆಯೇ ಎಂದು ತಾಳೆ ನೋಡಿಕೊಡುತ್ತದೆ.

ಉಗ್ರಾಣ ಬದಲಿಸುವಾಗ ಈ ಪದರ ತುಂಬ ಉಪಕಾರಿ. ಆದರೆ ಎಲ್ಲರಲ್ಲೂ ಇರುವ ಸೌಲಭ್ಯ ಮಾತ್ರ ಇಲ್ಲಿ ಸರಾಗ. ಇಂತಿಷ್ಟು ವರ್ಷ ಯಾರೂ ಅಳಿಸದಂತೆ ಬೀಗ ಹಾಕುವುದು, ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವುದು, ಅಪರೂಪಕ್ಕೆ ಬೇಕಾಗುವ ಕಡತವನ್ನು ಅಗ್ಗದ ವರ್ಗಕ್ಕೆ ಇಳಿಸುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಭೂದಾಖಲೆಗೆ ಬೇಕಾದದ್ದು ಇವೇ. ಕೊನೆಗೆ ಪದರವನ್ನು ಸರಿಸಿ ಕೆಳಗಿನ ಲೈಬ್ರರಿಗೇ ಕೈಯಿಡಬೇಕಾಗುತ್ತದೆ. ಮೇಲಾಗಿ ಪದರವೂ ಒಂದು ಲೈಬ್ರರಿಯೇ. ಅದನ್ನು ಪೋಷಿಸುವವರು ಕೈಬಿಟ್ಟರೆ ಅದೂ ಹಳತಾಗುತ್ತದೆ.

ನಾಲ್ಕನೆಯ ನಿಲುವು: ಮಾಮೂಲಿ ಡ್ರೈವಿನಂತೆ ಕಾಣಲಿ

ತಾಲ್ಲೂಕು ಕಚೇರಿಯ ಕಂಪ್ಯೂಟರ್ ಆಪರೇಟರಿಗೆ ಬಕೆಟ್, ಕೀ ಎಂಬ ಗೊಡವೆಯೇ ಬೇಡ, ಇ-ಡ್ರೈವ್ ಎಫ್-ಡ್ರೈವ್ ಥರ ಕಂಡರೆ ಸಾಕು ಎಂಬುದು ಇನ್ನೊಂದು ವಾದ. ಗೂಗಲಿನ ಜಿಸಿಎಸ್‌ಫ್ಯೂಸ್, ಅಮೆಜಾನ್ 2023ರಲ್ಲಿ ಹೊರತಂದ ಮೌಂಟ್‌ಪಾಯಿಂಟ್, ಆರ್‌ಕ್ಲೋನಿನ ಮೌಂಟ್ ಸೌಲಭ್ಯ ಇದನ್ನೇ ಮಾಡುತ್ತವೆ. ಕಲಿಸುವ ಕಷ್ಟ ಕಡಿಮೆ, ಹಳೆಯ ತಂತ್ರಾಂಶ ಹಾಗೇ ನಡೆಯುತ್ತದೆ.

ಅಪಾಯವಿರುವುದು ಆ ಸಲೀಸಿನಲ್ಲೇ. ಡ್ರೈವಿನಲ್ಲಿ ಫೋಲ್ಡರಿನ ಹೆಸರು ಬದಲಿಸುವುದು ಕ್ಷಣದ ಕೆಲಸವೆಂದು ಕೈ ಕಲಿತಿರುತ್ತದೆ. ಅದೇ ಕೈ ಬಕೆಟ್ಟಿನ ಮೇಲೆ ಆಡಿದರೆ ಒಂದೋ ಕೆಲಸ ಆಗುವುದಿಲ್ಲ, ಇಲ್ಲವೇ ಹಿನ್ನೆಲೆಯಲ್ಲಿ ಲಕ್ಷಾಂತರ ನಕಲು ಶುರುವಾಗುತ್ತದೆ. ಮೌಂಟ್‌ಪಾಯಿಂಟ್ ಸಾಮಾನ್ಯ ಬಕೆಟ್ಟುಗಳಲ್ಲಿ ಹೆಸರು ಬದಲಿಸಲು ಬಿಡುವುದೇ ಇಲ್ಲ. ಈ ಬೇಡಿಕೆ ಕಂಡು ಮೈಕ್ರೋಸಾಫ್ಟ್ 2019ರಲ್ಲಿ, ಗೂಗಲ್ 2024ರಲ್ಲಿ ನಿಜವಾದ ಫೋಲ್ಡರುಗಳಿರುವ ಬಕೆಟ್ಟುಗಳನ್ನೇ ತಂದವು. ಅಲ್ಲಿ ಹೆಸರು ಬದಲಾವಣೆ ಸುಲಭ, ಆದರೆ ಅದನ್ನು ನೆಚ್ಚಿದವರು ಬೇರೆ ಉಗ್ರಾಣಕ್ಕೆ ಹೋಗುವಾಗ ಆ ಸುಲಭ ಜೊತೆಗೆ ಬರುವುದಿಲ್ಲ.

ಐದನೆಯ ನಿಲುವು: ಪ್ರತಿಗಳು ಹಲವೆಡೆ ಇರಲಿ

ಯಾವ ಲೈಬ್ರರಿ ಎಂಬ ಜಗಳಕ್ಕಿಂತ ಎಷ್ಟು ಪ್ರತಿ, ಯಾರ ಯಾರ ಹತ್ತಿರ ಎಂಬುದೇ ಮುಖ್ಯ ಎನ್ನುವವರು ಗ್ರಂಥಾಲಯ ಲೋಕದವರು. 1999ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಆರಂಭವಾದ ಲಾಕ್ಸ್ ಯೋಜನೆಯ ತಿರುಳು ಇದೇ. ಕನ್ನಡಕ್ಕೆ ಇದರ ಅನುಭವವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಬೆಳೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸಾವಿರಾರು ಕನ್ನಡ ಪುಸ್ತಕಗಳಿದ್ದವು. 2017ರ ಸುಮಾರಿಗೆ ಆ ತಾಣ ಮುಚ್ಚಿದರೂ ಪುಸ್ತಕಗಳು ಕಳೆದುಹೋಗದಿರಲು ಕಾರಣ, ಅವುಗಳ ದೊಡ್ಡ ಪಾಲು ಅಷ್ಟರಲ್ಲಿ ಇಂಟರ್ನೆಟ್ ಆರ್ಕೈವ್ ಸೇರಿತ್ತು. ಈಗ ‘ಸರ್ವೆಂಟ್ಸ್ ಆಫ್ ನಾಲೆಜ್’ ಸಂಗ್ರಹದ ಮೂಲಕ ಕನ್ನಡದ ಸ್ವಯಂಸೇವಕರು ಅಲ್ಲಿಗೆ ಪುಸ್ತಕ, ಪತ್ರಿಕೆಗಳನ್ನು ಸೇರಿಸುತ್ತಲೇ ಇದ್ದಾರೆ. ಆ ಆರ್ಕೈವ್ ಕೂಡ 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ದಿನಗಟ್ಟಲೆ ಮುಚ್ಚಿತ್ತು.

ಸರ್ಕಾರದ ಸ್ವಂತ ಕಟ್ಟಡದೊಳಗೆ ಇಟ್ಟಮಾತ್ರಕ್ಕೆ ದಾಖಲೆ ಸುರಕ್ಷಿತವೆಂದೂ ಅಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಸರ್ಕಾರಿ ನೌಕರರ ಕಡತಗಳಿದ್ದ ಜಿ-ಡ್ರೈವ್ ಉಗ್ರಾಣದ ಸುಮಾರು 858 ಟೆರಾಬೈಟ್ ಹೊರಗಡೆ ಬ್ಯಾಕಪ್ ಇಲ್ಲದೆ ನಾಶವಾಯಿತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಖಾಸಗಿ ಕಂಪನಿ ಓವಿಎಚ್‌ನ ಕೇಂದ್ರ ಸುಟ್ಟಾಗಲೂ ಬ್ಯಾಕಪ್ ಇಲ್ಲದ ಗ್ರಾಹಕರು ಎಲ್ಲ ಕಳೆದುಕೊಂಡರು. ಸರ್ಕಾರಿಯೋ ಖಾಸಗಿಯೋ ಎಂಬುದಕ್ಕಿಂತ ಎರಡನೆಯ ಪ್ರತಿ ಇತ್ತೋ ಇಲ್ಲವೋ ಎಂಬುದೇ ಎರಡೂ ಕಡೆ ನಿರ್ಣಾಯಕವಾಯಿತು.

ಕನ್ನಡದ ಹೆಸರಿಗೆ ಎದುರಾಗುವ ತೊಡಕು

ಇಂಗ್ಲಿಷ್ ಜಗತ್ತಿನ ಚರ್ಚೆಯಲ್ಲಿ ಹೆಚ್ಚು ಕೇಳಿಬಾರದ, ನಮಗೆ ಮಾತ್ರ ದಿನನಿತ್ಯದ ತೊಡಕೊಂದಿದೆ. ಎಸ್3ಯಲ್ಲಿ ಕೀ ಉದ್ದ 1,024 ಬೈಟ್ ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲ ಬೇರೆ ಬೇರೆ ಸಂಕೇತ. ‘ಹಗರಿಬೊಮ್ಮನಹಳ್ಳಿ’ ಎಂಬ ಒಂದು ಹೆಸರಿಗೆ 15 ಸಂಕೇತ, 45 ಬೈಟ್. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಕಡತದ ವಿಷಯ ಎಲ್ಲವನ್ನೂ ಕೀಯೊಳಗೆ ತುರುಕುತ್ತ ಹೋದರೆ ಗಡಿ ಹತ್ತಿರವಾಗುತ್ತದೆ. ವಿಕಿಮೀಡಿಯದಲ್ಲಿ ಶೀರ್ಷಿಕೆಯ ಗಡಿ 255 ಬೈಟ್ ಮಾತ್ರ. ಅಂದರೆ ಹೆಚ್ಚೆಂದರೆ 85 ಕನ್ನಡ ಸಂಕೇತ.

ಉದ್ದಕ್ಕಿಂತ ಕಾಟ ಕೊಡುವುದು ಯೂನಿಕೋಡಿನ ಒಂದು ಗುಣ. ‘ಬೊ’ದಲ್ಲಿರುವ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆಬ್ಜೆಕ್ಟ್ ಸ್ಟೋರೇಜಿಗೆ ಅವು ಎರಡು ಬೇರೆ ಹೆಸರು. ಹಳೆಯ ಮ್ಯಾಕ್ ಕಂಪ್ಯೂಟರುಗಳ ಫೈಲ್ ವ್ಯವಸ್ಥೆ ಹೆಸರನ್ನು ಬಿಡಿಸಿ ಇಡುತ್ತಿತ್ತು, ವಿಂಡೋಸ್ ಬರೆದದ್ದನ್ನು ಹಾಗೇ ಇಡುತ್ತದೆ. ಒಂದು ಕಡೆಯಿಂದ ಏರಿಸಿದ ಕೊಟ್ಟೂರಿನ ಕಡತವನ್ನು ಇನ್ನೊಂದು ಕಡೆಯಿಂದ ಹುಡುಕಿದರೆ ‘ಇಲ್ಲ’ ಎಂಬ ಉತ್ತರ ಬರಬಹುದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂಬ ಹೆಸರುಗಳಿಗೆ ಈ ತೊಂದರೆಯಿಲ್ಲ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಗುಡೇಕೋಟೆಗಳಿಗೆ ಇದೆ. ವಿಕಿಮೀಡಿಯ ಹೆಸರುಗಳನ್ನು ತಾನೇ ಒಂದೇ ರೂಪಕ್ಕೆ ತರುತ್ತದೆ. ಬೋಟೊ3 ಹಾಗೆ ಮಾಡುವುದಿಲ್ಲ. ಆ ಕೆಲಸ ನಮ್ಮ ಪ್ರೋಗ್ರಾಮಿನದು. ಹೂವಿನಹಡಗಲಿ, ಹೂವಿನ ಹಡಗಲಿ, ಹಡಗಲಿ ಎಂದು ಒಂದೇ ಊರನ್ನು ಮೂರು ಥರ ಬರೆಯುವ ನಮ್ಮ ರೂಢಿಯ ತೊಡಕು ಬೇರೆ.

ಫೈಲಿನೊಂದಿಗೆ ಅಂಟಿಸುವ ವಿವರಗಳಿಗೂ, ಅಂದರೆ ಮೆಟಾಡೇಟಾಕ್ಕೂ ಮಿತಿಯಿದೆ. ಎಸ್3ಯಲ್ಲಿ ನಾವು ಸೇರಿಸುವ ಮೆಟಾಡೇಟಾ ಒಟ್ಟು 2 ಕಿಲೋಬೈಟ್. ಅದರಲ್ಲಿ ಕನ್ನಡ ಅಕ್ಷರ ಕಂಡರೆ ಬೋಟೊ3 ಒಪ್ಪದೆ ದೋಷ ತೋರಿಸುತ್ತದೆ. ಬೇರೆ ಸಂಕೇತಕ್ಕೆ ಬದಲಿಸಿ ಕಳಿಸಬೇಕು. ಇಂಟರ್ನೆಟ್ ಆರ್ಕೈವಿನಲ್ಲೂ ಪುಸ್ತಕದ ಗುರುತು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಇರಬೇಕು. ಕನ್ನಡದ ಶೀರ್ಷಿಕೆ ವಿವರದ ಜಾಗದಲ್ಲಿ ಬರುತ್ತದೆ. ಹೀಗಾಗಿ ಅನುಭವಿಗಳು ಒಪ್ಪುವ ದಾರಿ ಸರಳ. ಕೀಯಲ್ಲಿ ಎಂದೂ ಬದಲಾಗದ ಕ್ರಮಸಂಖ್ಯೆ ಮಾತ್ರ ಇರಲಿ. ಜಿಲ್ಲೆ, ತಾಲ್ಲೂಕು, ಊರು, ಸರ್ವೆ ನಂಬರುಗಳು ಬೇರೆಯ ಸೂಚಿಯಲ್ಲಿ, ಕನ್ನಡದಲ್ಲೇ ಇರಲಿ. ಆಗ ಜಿಲ್ಲೆ ಎಷ್ಟು ಸಲ ಬದಲಾದರೂ ಸೂಚಿಯ ಸಾಲು ತಿದ್ದಿದರೆ ಸಾಕು, ಕಡತ ಕದಲಬೇಕಿಲ್ಲ.

ಕಾನೂನು ಮತ್ತು ಹಣ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಬೇಡುತ್ತದೆ. ಆ ಪ್ರಮಾಣಪತ್ರದ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಎಸ್‌ಎಚ್‌ಎ-256ರಂಥ ಚೆಕ್‌ಸಮ್ಮನ್ನೂ, ಅದನ್ನು ಯಾವ ವಿಧಾನದಿಂದ ತೆಗೆದದ್ದು ಎಂಬುದನ್ನೂ ಬರೆಯಬೇಕು. ಜಮೀನಿನ ವ್ಯಾಜ್ಯಕ್ಕೆ ಇದು ನೇರವಾಗಿ ತಾಗುವ ಮಾತು. ಸ್ಕ್ಯಾನ್ ಮಾಡಿದ ದಿನವೇ ಎಸ್‌ಎಚ್‌ಎ-256 ತೆಗೆದು ಸೂಚಿಯಲ್ಲಿ ಬರೆದಿಟ್ಟರೆ ಫೈಲು ಯಾವ ಲೈಬ್ರರಿಯಿಂದ ಎಲ್ಲಿಗೆ ಹೋದರೂ ಅದೇ ಫೈಲೆಂದು ತೋರಿಸಬಹುದು. ಉಗ್ರಾಣ ಕೊಟ್ಟ ಈಟ್ಯಾಗನ್ನೇ ನೆಚ್ಚಿದರೆ ಆ ಬಲ ಸಿಗುವುದಿಲ್ಲ.

ಕ್ಲೌಡಿಗೆ ಫೈಲು ಹಾಕುವುದಕ್ಕೆ ಸಾಗಣೆ ಶುಲ್ಕ ಸಾಮಾನ್ಯವಾಗಿ ಇರುವುದಿಲ್ಲ, ತೆಗೆಯುವುದಕ್ಕೆ ಇರುತ್ತದೆ. ಯುರೋಪಿನ ಒಕ್ಕೂಟದ ಡೇಟಾ ಕಾಯ್ದೆ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿದೆ. 2027ರ ಜನವರಿ 12ರಿಂದ ಅಲ್ಲಿ ಗ್ರಾಹಕ ಉಗ್ರಾಣ ಬದಲಿಸುವಾಗ ಶುಲ್ಕ ವಸೂಲಿ ಮಾಡುವಂತಿಲ್ಲ. ಭಾರತದಲ್ಲಿ ಎಲ್ಲ ಗ್ರಾಹಕರಿಗೂ ಅನ್ವಯಿಸುವ ಅಂಥ ಕಾನೂನು ಬಂದಿಲ್ಲ. ಬಿಡುಗಡೆಯ ಷರತ್ತನ್ನು ಒಪ್ಪಂದದಲ್ಲಿ ಮೊದಲೇ ಬರೆಸಿಕೊಳ್ಳುವುದೇ ಇಲ್ಲಿನ ರಕ್ಷಣೆ.

ಇನ್ನೂ ಇತ್ಯರ್ಥವಾಗದ್ದು

ಐದೂ ನಿಲುವುಗಳಲ್ಲಿ ಸತ್ಯದ ಪಾಲಿದೆ. ಮೊದಲನೆಯದು ಭದ್ರತೆಯನ್ನು, ಎರಡನೆಯದು ಆಯ್ಕೆಯ ಸ್ವಾತಂತ್ರ್ಯವನ್ನು, ಮೂರನೆಯದು ಸ್ಥಳಾಂತರವನ್ನು, ನಾಲ್ಕನೆಯದು ಬಳಸುವವರ ಅನುಕೂಲವನ್ನು, ಐದನೆಯದು ಉಳಿವನ್ನು ಚೆನ್ನಾಗಿ ವಿವರಿಸುತ್ತವೆ. ಕೆಲವು ಪ್ರಶ್ನೆಗಳು ಮಾತ್ರ ಯಾವುದಕ್ಕೂ ಪೂರ್ತಿ ಬಗ್ಗಿಲ್ಲ.

ಒಂದೇ ಕಂಪನಿಯ ಕೈಯಲ್ಲಿರುವ ಎಸ್3 ಭಾಷೆಗೆ ಸಾರ್ವಜನಿಕ ಮಾನದಂಡದ ಸ್ಥಾನ ಸಿಗುವುದೇ, ಇಲ್ಲ ಪ್ರತಿ ಬದಲಾವಣೆಗೂ ಉಳಿದವರು ಹಿಂದೆ ಓಡುತ್ತಲೇ ಇರಬೇಕೇ? ನಿಜವಾದ ಫೋಲ್ಡರುಗಳಿರುವ ಹೊಸ ಬಗೆಯ ಬಕೆಟ್ಟುಗಳು ಮುಂದಿನ ದಿನಗಳಲ್ಲಿ ಎಲ್ಲರ ರೂಢಿಯಾಗುವವೇ? ಕನ್ನಡದ ಹೆಸರನ್ನು ಒಂದೇ ರೂಪಕ್ಕೆ ತರುವ ಹೊಣೆ ಲೈಬ್ರರಿಯದೋ, ಬಳಸುವ ಇಲಾಖೆಯದೋ? ಭೂದಾಖಲೆಯಲ್ಲಿ ರೈತನ ಖಾಸಗಿ ವಿವರಗಳೂ ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯಕ್ಕೂ, ತನ್ನ ಹೊಲದ ಕಡತ ನೋಡುವ ರೈತನ ಹಕ್ಕಿಗೂ, ಹಲವೆಡೆ ಪ್ರತಿ ಇಡಬೇಕೆಂಬ ಗ್ರಂಥಾಲಯದವರ ವಾದಕ್ಕೂ ಹೊಂದಿಕೆ ಹೇಗೆ? ಸ್ಕ್ಯಾನ್ ಆದ ಮೇಲೆ ಮೂಲ ಕಾಗದವನ್ನು ಎಷ್ಟು ಕಾಲ ಉಳಿಸಬೇಕು? ಇವಕ್ಕೆ ಉತ್ತರ ತಂತ್ರಜ್ಞರೊಬ್ಬರಿಂದಲೇ ಬರಲಾರದು. ಕಂದಾಯದವರು, ವಕೀಲರು, ದಾಖಲೆ ನೆಚ್ಚಿದ ರೈತರು ಸೇರಿ ಹುಡುಕಬೇಕು.

ಆ ಉತ್ತರಗಳಿಗೆ ಕಾಯದೆ ಇಂದೇ ಮಾಡಬಹುದಾದದ್ದೂ ಇದೆ. ಸ್ಕ್ಯಾನಿಂಗ್ ಟೆಂಡರು ಬರೆಯುವ ಅಧಿಕಾರಿಗಳು, ತಮ್ಮ ಸಂಘದ ಹಳೆಯ ಪತ್ರಿಕೆ, ಮಠದ ಕಾಗದಪತ್ರ, ಊರ ಶಾಸನಗಳ ಚಿತ್ರಗಳನ್ನು ಕ್ಲೌಡಿಗೆ ಹಾಕಹೊರಟವರು ನಾಲ್ಕು ಮಾತನ್ನು ಷರತ್ತಾಗಿ ಬರೆಯಿರಿ. ಕೀಯಲ್ಲಿ ಬದಲಾಗದ ಸಂಖ್ಯೆ ಮಾತ್ರ ಇರಬೇಕು. ಕನ್ನಡದ ಸೂಚಿ ನಮ್ಮ ಕೈಯಲ್ಲಿ, ಯಾರೂ ತೆರೆಯಬಹುದಾದ ಸಾದಾ ರೂಪದಲ್ಲಿ ಇರಬೇಕು. ಪ್ರತಿ ಫೈಲಿನ ಎಸ್‌ಎಚ್‌ಎ-256 ಮೊದಲ ದಿನವೇ ಆ ಸೂಚಿ ಸೇರಬೇಕು. ಪೂರ್ತಿ ಎರಡನೆಯ ಪ್ರತಿ ಬೇರೆ ಊರಿನಲ್ಲಿ, ಬೇರೆಯವರ ಬಳಿ ಇರಬೇಕು. ಇಷ್ಟು ನಿಮ್ಮದಾಗಿದ್ದರೆ ಲೈಬ್ರರಿ ಯಾರದಾದರೂ ಆಗಲಿ, ಅದನ್ನು ಬದಲಿಸುವುದು ಕೆಲವು ವಾರಗಳ ಕೆಲಸ. ಇಷ್ಟೂ ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಲೈಬ್ರರಿಯಿಂದಲೂ ದಾಖಲೆ ಉಳಿಯದು.